ಹಿತ್ತಲ ಗಿಡವೂ ಮದ್ದೇ: ಥಾಯಿ ಜನರ ತರಕಾರಿ ಪಾನೀಯಗಳು

(ಬ್ಯಾಂಕಾಕಿನಲ್ಲಿ ಏಳು ವರ್ಷ ಅಡಿಗೆ ಕೆಲಸ ಮಾಡಿ ಮರಳಿದ ನಮ್ಮ ಸದಸ್ಯರೊಬ್ಬರು ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ಹೋಗಿ ಬಂದವನು ಮಾತಿಗೆ ನಿಂತರೆ ಅಲ್ಲಿಯ ಎತ್ತರದ ಕಟ್ಟಡ, ಬಂಗಾರ ಬಳಿದ ದೇವಾಲಯ, ರಾತ್ರಿಯ ದೀಪಗಳು ಇವನ್ನೇ ವರ್ಣಿಸುತ್ತಾನೆಂದು ತಾವು ಎಣಿಸಿರಬಹುದು. ಅವನ್ನು ನೋಡಲು ಹೋಗುವವರು ಬೇರೆ. ನಾನು ಹೋದದ್ದು ಒಲೆಯ ಮುಂದೆ ನಿಲ್ಲಲು. ಆದಕಾರಣ ನಾನು ಕಂಡದ್ದು ಬೆಳಗಿನ ಜಾವದ ತರಕಾರಿ ಪೇಟೆ, ಸೊಪ್ಪಿನ ಕಟ್ಟು, ಬೀದಿಯ ಕೈಗಾಡಿ ಮತ್ತು ಅಲ್ಲಿಯ ಬಡವರ ಅಡಿಗೆಮನೆ. ಈ ಹೊತ್ತು ಅದರಲ್ಲಿ ಒಂದೇ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಥಾಯಿ ಜನ ತಮ್ಮ ನೆಲದ ಸೊಪ್ಪು, ತರಕಾರಿ, ಕಾಯಿಗಳಿಂದ ಮನೆಯಲ್ಲೇ ಕುಡಿಯುವ ಪಾನೀಯಗಳನ್ನು ಹೇಗೆ ಮಾಡಿಕೊಳ್ಳುತ್ತಾರೆ, ಅದರಲ್ಲಿ ಒಳ್ಳೆಯದೇನು, ಎಚ್ಚರ ತಪ್ಪಿದರೆ ಕೆಟ್ಟದ್ದೇನು ಎಂಬುದೇ ಆ ವಿಷಯ.

ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ಕೈಯಲ್ಲಿ ಮಾಡಿದ್ದನ್ನೂ ತಿಳಿದವರಿಂದ ಕೇಳಿ ಖಚಿತಪಡಿಸಿಕೊಂಡದ್ದನ್ನೂ ಮಾತ್ರ ಹೇಳುತ್ತೇನೆ.

ಈ ಮಾತು ನಮಗೇಕೆ?

ನಮ್ಮ ದುಡಿಮೆಯ ರೀತಿಯನ್ನು ತಾವೇ ಯೋಚಿಸಿ ನೋಡಿ. ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ನಿಂತ ದೋಸೆ ಭಟ್ಟ ಹನ್ನೊಂದರವರೆಗೆ ಬೆವರು ಸುರಿಸುತ್ತಾನೆ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋದರೆ ಗಿರಾಕಿ ಕಾಯುತ್ತಾನೆ ಎಂದು ನೀರನ್ನೇ ಕುಡಿಯುವುದಿಲ್ಲ. ಬಾಯಾರಿದಾಗಲೆಲ್ಲ ಒಂದು ಕಟಿಂಗ್ ಚಹಾ, ಮಧ್ಯಾಹ್ನ ಒಂದು ಬಣ್ಣದ ಬಾಟಲಿ. ಮಿಲ್ಲಿನಲ್ಲಿ ದುಡಿದ ಹಿರಿಯರಿಗೂ ನೂಲಿನ ಖಾತೆಯ ಸೆಕೆ, ಹತ್ತಿಯ ಧೂಳು, ಮತ್ತೆ ಅದೇ ಚಹಾ. ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ ಕೈಗೆ ಉಳಿಯುವುದೇನು? ಮೂತ್ರಪಿಂಡದ ಕಲ್ಲು, ಸಕ್ಕರೆ ಕಾಯಿಲೆ, ರಕ್ತದೊತ್ತಡ. ಊರಿನಲ್ಲಿ ಮನೆ ಕಟ್ಟಬೇಕೆಂದು ಕೂಡಿಟ್ಟ ಹಣ ಔಷಧದ ಅಂಗಡಿಗೆ ಹೋಗುತ್ತದೆ.

ಬ್ಯಾಂಕಾಕಿನ ಸೆಕೆ ಮುಂಬಯಿಯ ಸೆಕೆಗೆ ಅಣ್ಣ. ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಅಡಿಗೆಮನೆ ನಿಜವಾಗಿಯೂ ಕುಲುಮೆ. ಆದರೆ ಅಲ್ಲಿಯ ಹಳೆಯ ಕಾಲದ ಮನೆಗಳು ಆ ಸೆಕೆಗೆ ತಮ್ಮ ಹಿತ್ತಲಲ್ಲೇ ಉತ್ತರ ಕಂಡುಕೊಂಡಿವೆ. ಅದನ್ನು ನೋಡಿ ಕಲಿಯುವುದರಲ್ಲಿ ನಮಗೆ ಅವಮಾನವೇನೂ ಇಲ್ಲ.

ಆ ನೆಲ, ಆ ಪೇಟೆ

ನಮ್ಮ ಹಿರಿಯರು ಸಯಾಮ್ ಎಂದು ಕರೆಯುತ್ತಿದ್ದ ದೇಶವೇ ಇದು. 1939ರಲ್ಲಿ ಥಾಯ್ಲೆಂಡ್ ಎಂದು ಹೆಸರು ಬದಲಾಯಿತು, ನಡುವೆ ಕೆಲಕಾಲ ಹಳೆಯ ಹೆಸರೇ ಮರಳಿತು, 1949ರಿಂದ ಥಾಯ್ಲೆಂಡ್ ಎಂಬುದೇ ನಿಂತಿದೆ. ಬ್ಯಾಂಕಾಕಿನ ನೈಋತ್ಯಕ್ಕೆ ದಾಮ್ನೋನ್ ಸದುವಾಕ್ ಎಂಬ ಕಾಲುವೆಯಿದೆ. ರಾಜನ ಅಪ್ಪಣೆಯಿಂದ ತೋಡಿದ ಈ ಕಾಲುವೆ 1868ರಲ್ಲಿ ಮುಗಿಯಿತು. ಅದರ ಎರಡೂ ಬದಿಗೆ ಮಣ್ಣನ್ನು ಎತ್ತರಕ್ಕೆ ಏರಿಸಿ, ನಡುವೆ ನೀರಿನ ಕಣಿ ಬಿಟ್ಟು, ಏರಿಯ ಮೇಲೆ ತೆಂಗು, ಸೀಬೆ, ತರಕಾರಿ ಬೆಳೆಯುತ್ತಾರೆ. ನಮ್ಮ ಕರಾವಳಿಯ ಅಡಿಕೆ ತೋಟದ ಕಣಿಗಳನ್ನು ಕಂಡವರಿಗೆ ಇದು ಪರಕೀಯವೆನಿಸದು.

ನಾನು ಕೆಲಸ ಮಾಡುತ್ತಿದ್ದುದು ಫಾಹುರತ್ ಎಂಬಲ್ಲಿ. ಅದು ಭಾರತೀಯರ ಪೇಟೆ, ಬಟ್ಟೆ ವ್ಯಾಪಾರಕ್ಕೆ ಹೆಸರಾದದ್ದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾಕ್ ಖ್ಲೋಂಗ್ ತಲಾತ್ ಎಂಬ ಹೂವು ತರಕಾರಿಗಳ ಪೇಟೆ. ಅಲ್ಲಿ ಮೊದಲ ಬಾರಿ ಹೋದಾಗ ಪರದೇಶದ ವಿಚಿತ್ರ ವಸ್ತುಗಳನ್ನು ನೋಡುವೆನೆಂದು ಎಣಿಸಿದ್ದೆ. ನೋಡಿದರೆ ಎಲ್ಲ ನಮ್ಮ ನೆಂಟರೇ! ಒಂದೆಲಗ, ಬೂದುಗುಂಬಳ, ಹಾಗಲ, ಸಿಹಿಗುಂಬಳ, ಸೌತೆ, ಶಂಖಪುಷ್ಪ, ಪುಂಡಿಯ ಜಾತಿಯ ಕೆಂಪು ಹೂದಳ, ಮಜ್ಜಿಗೆಹುಲ್ಲು, ಶುಂಠಿ, ಅರಿಶಿನ, ಬಿಲ್ವದ ಕಾಯಿ. ಹೆಸರು ಬೇರೆ, ಗಿಡ ಅದೇ.

ಹೆಸರಿನಲ್ಲಿಯೂ ಒಂದು ತಮಾಷೆಯಿದೆ. ಥಾಯಿ ಭಾಷೆಯಲ್ಲಿ ಸೀಬೆ ಹಣ್ಣಿಗೆ 'ಫರಂಗ್' ಎನ್ನುತ್ತಾರೆ, ಬಿಳಿಯ ಪರದೇಶಿಯನ್ನೂ 'ಫರಂಗ್' ಎಂದೇ ಕರೆಯುತ್ತಾರೆ. ನಾವು ಆ ಪರದೇಶಿಯನ್ನು ಪರಂಗಿ ಎಂದೆವು, ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದೆವು. ಎರಡು ಹಣ್ಣೂ ಅಮೆರಿಕಾ ಖಂಡದಿಂದ ಬಂದವೇ.

'ನಾಮ್' ಎಂದರೆ ನೀರು

ಥಾಯಿ ಮಾತಿನಲ್ಲಿ 'ನಾಮ್' ಎಂದರೆ ನೀರು. ಪಾನೀಯಗಳ ಹೆಸರೆಲ್ಲ ಇದರಿಂದಲೇ ಹೊರಡುತ್ತವೆ. ಸೊಪ್ಪು, ಬೇರು, ಹೂವುಗಳನ್ನು ಕುದಿಸಿ ಸೋಸಿದರೆ ಅದು 'ನಾಮ್ ಸಮುನ್‌ಪ್ರಾಯ್', ಅಂದರೆ ಮೂಲಿಕೆ ನೀರು. ಮಿಕ್ಸರಿನಲ್ಲಿ ತಿರುಗಿಸಿ ನಾರಿನ ಸಮೇತ ಕುಡಿದರೆ ಅದು 'ನಾಮ್ ಪನ್', ಅಂದರೆ ತಿರುಗಿಸಿದ ನೀರು. ದೊಡ್ಡ ಹೋಟೆಲುಗಳಲ್ಲಿ ಸ್ಮೂದಿ ಎಂದು ಹೆಚ್ಚಿನ ಬೆಲೆಗೆ ಮಾರುವುದು ಇದನ್ನೇ.

ಇನ್ನೊಂದು ಮಾತು ಕೇಳಿ. ಥಾಯ್ಲೆಂಡಿನ ಬೌದ್ಧ ಭಿಕ್ಷುಗಳು ಮಧ್ಯಾಹ್ನದ ನಂತರ ಊಟ ಮಾಡುವಂತಿಲ್ಲ. ಆದರೆ ಸೋಸಿದ ಹಣ್ಣಿನ ರಸ ಕುಡಿಯಬಹುದು. ಅದನ್ನು 'ನಾಮ್ ಪಾನ' ಎನ್ನುತ್ತಾರೆ. ಈ ಪಾನ ಪಾಲಿ ಭಾಷೆಯ ಪದ. ರಾಮನವಮಿಯ ದಿನ ನಾವು ಹಂಚುವ ಪಾನಕವೂ ಅದೇ ಬೇರಿನದು.

ಈಗ ಒಂದೊಂದಾಗಿ ಮಾಡುವ ಬಗೆಯನ್ನು ಹೇಳುತ್ತೇನೆ. ಬೇಕಾದವರು ಬರೆದುಕೊಳ್ಳಬಹುದು.

ಒಂದೆಲಗದ ನೀರು

ಥಾಯಿ ಹೆಸರು 'ಬೈ ಬುವಾ ಬೊಕ್'. ನಮ್ಮ ತುಳುವಿನಲ್ಲಿ ತಿಮರೆ. ನಾವು ತಂಬುಳಿ, ಚಟ್ನಿ ಮಾಡುವ ಸೊಪ್ಪನ್ನು ಅವರು ಕುಡಿಯುತ್ತಾರೆ. ಒಂದು ಹಿಡಿಕಟ್ಟು, ಅಂದರೆ ಸುಮಾರು 100 ಗ್ರಾಂ ಸೊಪ್ಪನ್ನು ದಂಟಿನ ಸಮೇತ ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಬೇಕು. ಚಿಟಿಕೆ ಉಪ್ಪು, ಬೇಕಾದರೆ ಚೂರು ಬೆಲ್ಲ. ಐದಾರು ಲೋಟವಾಗುತ್ತದೆ. ಅಂದೇ ಕುಡಿದು ಮುಗಿಸಬೇಕು, ನಾಳೆಗೆ ಇಡಬಾರದು.

ಪೆಟ್ಟು ಬಿದ್ದು ಒಳಗೆ ಕಂದಿದವರಿಗೆ ಇದು ಒಳ್ಳೆಯದೆಂದು ಅಲ್ಲಿಯ ಹಳಬರ ನಂಬಿಕೆ. ಅದಕ್ಕೇ ಪ್ರೇಮದಲ್ಲಿ ಸೋತ ಹುಡುಗನನ್ನು ಕಂಡರೆ "ಹೋಗಿ ಒಂದೆಲಗದ ನೀರು ಕುಡಿಯಪ್ಪಾ" ಎಂದು ಗೆಳೆಯರು ಹಾಸ್ಯ ಮಾಡುತ್ತಾರೆ. ಎದೆಯ ಕಂದಿಗೂ ಅದೇ ಮದ್ದು ಎಂದು! ಹಾಸ್ಯ ಹೇಗಾದರೂ ಇರಲಿ, ಪಿತ್ತಜನಕಾಂಗದ ಕಾಯಿಲೆ ಇದ್ದವರು ಇದನ್ನು ಕುಡಿಯಬಾರದು, ಉಳಿದವರೂ ತಿಂಗಳುಗಟ್ಟಲೆ ಎಡೆಬಿಡದೆ ಕುಡಿಯಬಾರದು. ವಾರಕ್ಕೆ ಒಂದೆರಡು ದಿನ ಸಾಕು.

ಸೌತೆ ಮತ್ತು ನಿಂಬೆ

ಒಲೆಯ ಮುಂದೆ ನಿಲ್ಲುವವರಿಗೆ ಇದಕ್ಕಿಂತ ಸುಲಭವಾದುದಿಲ್ಲ. ಸೌತೆಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಎರಡು ಸೌತೆಕಾಯಿಯನ್ನು ಸಿಪ್ಪೆಯ ಸಮೇತ ಹೆಚ್ಚಿ, ಎರಡು ಲೋಟ ನೀರು, ಅರ್ಧ ನಿಂಬೆಯ ರಸ, ನಾಲ್ಕು ಪುದೀನ ಎಲೆ, ಕಾಲು ಚಮಚಕ್ಕೂ ಕಡಮೆ ಉಪ್ಪು ಹಾಕಿ ತಿರುಗಿಸಿ. ಸೋಸಬೇಡಿ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಮರಳಿ ಬರುತ್ತವೆ. ರಕ್ತದೊತ್ತಡ ಇದ್ದವರು ಉಪ್ಪು ಬಿಡಿ. ಕಾಯಿಯ ತುದಿ ಕೊಯ್ದು ಮೊದಲು ರುಚಿ ನೋಡಿ, ಕಹಿಯಾಗಿದ್ದರೆ ಎಸೆಯಿರಿ.

ಸಿಹಿಗುಂಬಳದ ಗಟ್ಟಿ ಪಾನೀಯ

ಥಾಯಿ ಹೆಸರು 'ಫಕ್ ಥೋಂಗ್', ಅಂದರೆ ಬಂಗಾರದ ಕುಂಬಳ. ಮುಂಬಯಿಯ ಪೇಟೆಯಲ್ಲಿ ಲಾಲ್ ಭೋಪ್ಳಾ ಎಂದು ಕೇಳಿ. 150 ಗ್ರಾಂ ಹೋಳನ್ನು ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಒಂದೂವರೆ ಲೋಟ ಹಾಲು ಸೇರಿಸಿ ತಿರುಗಿಸಿ. ಹಾಲು ಒಗ್ಗದವರು ತೆಂಗಿನ ತೆಳು ಹಾಲನ್ನೋ ಸೋಯಾ ಹಾಲನ್ನೋ ಹಾಕಬಹುದು. ಕುಂಬಳದ ಹಳದಿ ಬಣ್ಣದಿಂದ ನಮ್ಮ ದೇಹ ಎ ಜೀವಸತ್ವವನ್ನು ಮಾಡಿಕೊಳ್ಳುತ್ತದೆ, ಕಣ್ಣಿಗೆ ಬೇಕಾದದ್ದು. ಆ ಬಣ್ಣ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದಲೇ ಹಾಲು ಅಥವಾ ತೆಂಗು ಬೇಕು. ಬೆಳಿಗ್ಗೆ ಉಪವಾಸವಿದ್ದು ಕೆಲಸಕ್ಕೆ ಓಡುವ ಹುಡುಗರಿಗೆ ಇದು ಬರೀ ಚಹಾಕ್ಕಿಂತ ಸಾವಿರ ಪಾಲು ಮೇಲು.

ಇಬ್ಬುಡ್ಲದ ಅಣ್ಣತಮ್ಮ

'ತೆಂಗ್ ಥಾಯ್' ಎಂಬ ಹಣ್ಣನ್ನು ತೆಂಗಿನ ಹಾಲು, ತಾಳೆಬೆಲ್ಲದ ಜತೆ ಲೋಟಕ್ಕೆ ಹಾಕಿ ಕೊಡುತ್ತಾರೆ. ಕುಡಿದ ಒಡನೆ ನನಗೆ ನಮ್ಮ ಊರ ಕಡೆಯ ಇಬ್ಬುಡ್ಲ ಹಣ್ಣಿನ ರಸಾಯನ ನೆನಪಾಯಿತು. ಎರಡೂ ಕರಬೂಜದ ಒಂದೇ ಕುಲದವು. ಬೆಲ್ಲ ಅರ್ಧಕ್ಕೆ ಇಳಿಸಿದರೂ ರುಚಿ ಕೆಡುವುದಿಲ್ಲ.

ಖನಾ ಸೊಪ್ಪು ಮತ್ತು ಅನಾನಸು

'ಖನಾ' ಎಂಬುದು ಕೋಸಿನ ಜಾತಿಯದು, ಆದರೆ ಉಂಡೆ ಕಟ್ಟುವುದಿಲ್ಲ. ದಪ್ಪ ದಂಟು, ನೀಲಿ ಹಸಿರು ಎಲೆ. ಮೂರು ನಾಲ್ಕು ಎಲೆಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಅನಾನಸಿನ ನಾಲ್ಕು ಹೋಳು, ನಿಂಬೆರಸ, ಒಂದು ಲೋಟ ನೀರು ಹಾಕಿ ತಿರುಗಿಸುತ್ತಾರೆ. ಸೊಪ್ಪಿನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಚಹಾ ಅದಕ್ಕೆ ಅಡ್ಡಿ ಮಾಡುತ್ತದೆ. ಆದುದರಿಂದ ಇದನ್ನು ಕುಡಿದ ಮೇಲೆ ಒಂದು ಗಂಟೆ ಚಹಾ ಮುಟ್ಟಬೇಡಿ.

ಖನಾ ಸಿಗದಿದ್ದರೆ ಪಾಲಕ್ ಹಾಕಬಹುದೇ ಎಂದು ಕೇಳುವಿರಿ. ಹಸಿ ಪಾಲಕ್ ಬೇಡ. ಅದರಲ್ಲಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಬೇಯಿಸಿ, ಆ ನೀರು ಚೆಲ್ಲಿ, ಪಲ್ಯ ಮಾಡಿ ತಿನ್ನಿ. ಕಲ್ಲಿನ ಬಾಧೆ ಒಮ್ಮೆ ಬಂದವರಂತೂ ಅದರ ರಸದ ಗೊಡವೆಗೇ ಹೋಗಬಾರದು.

ಟೊಮೇಟೊ ರಸ

ಉತ್ತರದ ಚಿಯಾಂಗ್ ಮಾಯ್ ಬೆಟ್ಟಗಳಲ್ಲಿ ಹಿಂದೆ ಗಿರಿಜನರು ಅಫೀಮು ಬೆಳೆಯುತ್ತಿದ್ದರು. 1969ರಲ್ಲಿ ರಾಜ ಭೂಮಿಬಲ್ ಒಂದು ಯೋಜನೆ ಆರಂಭಿಸಿ, ಅಫೀಮಿನ ಬದಲು ತಂಪು ನಾಡಿನ ತರಕಾರಿ, ಹಣ್ಣುಗಳನ್ನು ಬೆಳೆಯಲು ಕಲಿಸಿದರು. ಬೆಳೆದದ್ದನ್ನು ಕೊಳ್ಳುವವರು ಬೇಕಲ್ಲ? ಅದಕ್ಕಾಗಿ 1972ರಲ್ಲಿ ಫಾಂಗ್ ಎಂಬಲ್ಲಿ ಕಾರ್ಖಾನೆ ಎದ್ದಿತು. ಅಲ್ಲಿಂದ ಬೆಳೆದು ಬಂದ 'ದೋಯ್ ಖಾಮ್' ಎಂಬ ಹೆಸರಿನ ಟೊಮೇಟೊ ರಸ ಇಂದು ದೇಶದಲ್ಲೆಲ್ಲ ಸಿಗುತ್ತದೆ. ರೈತನಿಗೆ ಬುದ್ಧಿವಾದ ಹೇಳಿದರೆ ಸಾಲದು, ಅವನ ಮಾಲಿಗೆ ದಾರಿ ಮಾಡಿಕೊಡಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮನೆಯಲ್ಲಿ ಮಾಡುವುದಾದರೆ ನಾಲ್ಕು ಹಣ್ಣಾದ ಟೊಮೇಟೊವನ್ನು ಐದು ನಿಮಿಷ ಬೇಯಿಸಿ, ಒಂದು ಗಜ್ಜರಿ ಸೇರಿಸಿ, ಕಾಳುಮೆಣಸಿನ ಪುಡಿ ಹಾಕಿ ತಿರುಗಿಸಿ. ಬೇಯಿಸಿದ ಟೊಮೇಟೊದ ಕೆಂಪು ಅಂಶ ಹಸಿಯದಕ್ಕಿಂತ ಚೆನ್ನಾಗಿ ದೇಹಕ್ಕೆ ಸೇರುತ್ತದೆ.

ಕುದಿಸಿದ ನೀರುಗಳು

ಮಿಕ್ಸರಿಲ್ಲದ ಖೋಲಿಯಲ್ಲಿ ವಾಸಿಸುವವರಿಗೆ ಇವು ಅನುಕೂಲ. ಮಜ್ಜಿಗೆಹುಲ್ಲಿಗೆ ಥಾಯಿಯಲ್ಲಿ 'ತಕ್ರಾಯ್'. ಇಲ್ಲಿ ದಾದರ್ ಪೇಟೆಯಲ್ಲಿ ಗವತಿ ಚಹಾ ಎಂದು ಮಾರುತ್ತಾರಲ್ಲ, ಅದೇ ಜಾತಿ. ನಾಲ್ಕು ಕಡ್ಡಿ ಜಜ್ಜಿ, ಒಂದು ಲೀಟರು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ. ಕೇದಗೆಯ ಕುಲದ 'ತೋಯ್' ಎಂಬ ಎಲೆ ಹಾಕಿದರೆ ಸಕ್ಕರೆ ಇಲ್ಲದೆಯೂ ಸಿಹಿಯ ಪರಿಮಳ ಬರುತ್ತದೆ. ಒಣ ಬಿಲ್ವದ ಬಿಲ್ಲೆ ಕುದಿಸಿದರೆ 'ನಾಮ್ ಮತೂಮ್'. ಕೆಂಪು ಪುಂಡಿಯ ಹೂದಳ ಕುದಿಸಿದರೆ 'ನಾಮ್ ಕ್ರಚಿಯಪ್', ಹುಳಿಯಾದ ಮಾಣಿಕ್ಯದ ಬಣ್ಣದ ಪಾನೀಯ. ಇದು ರಕ್ತದೊತ್ತಡವನ್ನು ತುಸು ಇಳಿಸುತ್ತದೆ. ಒತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ದಿನವೂ ಕುಡಿಯಬೇಕು, ಮಾತ್ರೆಯನ್ನು ತಾವಾಗಿಯೇ ಬಿಡಬಾರದು.

ಶಂಖಪುಷ್ಪದ ನೀರು ನೀಲಿ. ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ, ಮಕ್ಕಳಿಗೆ ಬಲು ಸಂತೋಷ. ಹುಳಿ ತಗಲಿದಾಗ ಹೂವಿನ ಬಣ್ಣ ಮಾರ್ಪಡುವುದೇ ಕಾರಣ, ಅದರಲ್ಲಿ ಮಾಯಮಂತ್ರವಿಲ್ಲ. ಬಣ್ಣದ ಬಾಟಲಿ ಬೇಕೆಂದು ಹಟ ಹಿಡಿಯುವ ಮಗುವಿಗೆ ಇದನ್ನು ತೋರಿಸಿ ನೋಡಿ.

ಸಕ್ಕರೆಯ ಲೆಕ್ಕ

ಇಷ್ಟು ಕೇಳಿ ಥಾಯಿ ಜನ ಎಲ್ಲರೂ ಆರೋಗ್ಯವಂತರೆಂದು ತಿಳಿಯಬೇಡಿ. ಬೀದಿಯಲ್ಲಿ ಮಾರುವ ಇವೇ ಪಾನೀಯಗಳಿಗೆ ಧಾರಾಳವಾಗಿ ಸಕ್ಕರೆ ಪಾಕ ಸುರಿಯುತ್ತಾರೆ. ಅಲ್ಲಿಯೂ ಸಕ್ಕರೆ ಕಾಯಿಲೆ ದೊಡ್ಡ ಪಿಡುಗು. ಅದಕ್ಕೇ ಅಲ್ಲಿಯ ಸರಕಾರ 2017ರ ಸೆಪ್ಟೆಂಬರಿನಲ್ಲಿ 100 ಮಿಲಿಲೀಟರಿಗೆ 6 ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುವ ಕಾರ್ಖಾನೆ ಪಾನೀಯಗಳ ಮೇಲೆ, ಹಂತ ಹಂತವಾಗಿ ಏರುವ ತೆರಿಗೆ ಹಾಕಿತು. ದಿನಕ್ಕೆ ಸಕ್ಕರೆ ಆರು ಚಮಚ, ಎಣ್ಣೆ ಆರು ಚಮಚ, ಉಪ್ಪು ಒಂದು ಚಮಚ ಮೀರಬಾರದು ಎಂದು ಆರೋಗ್ಯ ಇಲಾಖೆಯವರು ಜನರಿಗೆ ಸಾರುತ್ತಾರೆ. ಗಾಡಿಯ ಮುಂದೆ ನಿಂತು 'ವಾನ್ ನೋಯ್', ಅಂದರೆ ಸಿಹಿ ಕಡಮೆ ಎಂದು ಹೇಳುವವರು ನಾನು ಇದ್ದ ಕಾಲದಲ್ಲೇ ಹೆಚ್ಚುತ್ತಿದ್ದರು.

ಈಗ ನಮ್ಮ ಲೆಕ್ಕ ಮಾಡೋಣ. ಬಣ್ಣದ ತಂಪು ಪಾನೀಯದ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ. 300 ಮಿಲಿಲೀಟರಿನ ಒಂದು ಬಾಟಲಿಗೆ 30 ಗ್ರಾಂ, ಅಂದರೆ ಏಳು ಚಮಚಕ್ಕೂ ಮಿಕ್ಕಿತು. ಒಂದೇ ಬಾಟಲಿಗೆ ದಿನದ ಪಾಲು ಮುಗಿಯಿತು. ಮೇಲೆ ಆರು ಕಟಿಂಗ್ ಚಹಾ, ಒಂದೊಂದಕ್ಕೆ ಒಂದೂವರೆ ಚಮಚವೆಂದರೂ ಒಂಬತ್ತು ಚಮಚ. ಒಟ್ಟು ಹದಿನಾರು! ಸಕ್ಕರೆ ಕಾಯಿಲೆ ಹಣೆಬರಹವೆಂದು ವಿಧಿಯನ್ನು ದೂರುವ ಮೊದಲು ಈ ಲೆಕ್ಕ ನೋಡಬೇಡವೇ?

ಇನ್ನೊಂದು ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸಲಹೆಯಲ್ಲಿ, ಹಣ್ಣಿನ ರಸದಲ್ಲಿ ತಾನಾಗಿಯೇ ಇರುವ ಸಕ್ಕರೆಯನ್ನೂ ಈ ಮಿತಿಯ ಲೆಕ್ಕಕ್ಕೇ ಸೇರಿಸಿದ್ದಾರೆ. ಹಣ್ಣನ್ನು ಜಗಿದು ತಿಂದರೆ ನಾರಿನ ಜತೆ ನಿಧಾನವಾಗಿ ಸೇರುವ ಸಕ್ಕರೆ, ಸೋಸಿದ ರಸವಾದಾಗ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಆದಕಾರಣ ನನ್ನ ಸೂತ್ರ ಇದು: ಮೂರು ಪಾಲು ತರಕಾರಿ, ಒಂದು ಪಾಲು ಹಣ್ಣು. ಸಾಧ್ಯವಾದಷ್ಟೂ ಸೋಸಬಾರದು. ದಿನಕ್ಕೆ ಒಂದು ಲೋಟ ಸಾಕು. ಉಳಿದ ಬಾಯಾರಿಕೆಗೆ ನೀರೇ ನೀರು. ಪಾನೀಯ ಕುಡಿದೆನೆಂದು ಊಟದ ಪಲ್ಯವನ್ನು ಬಿಡುವಂತಿಲ್ಲ. ಅದೇ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆನ್ನುತ್ತದೆ, ಅದನ್ನೆಲ್ಲ ಕುಡಿದು ಮುಗಿಸಲು ಬಾರದು.

ಎಚ್ಚರಿಕೆಯ ಮಾತು

ಬಂಧುಗಳೇ, ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನಮ್ಮ ಅಡಿಗೆಮನೆಯಲ್ಲಿ ಬೈಂದೂರು ಕಡೆಯ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದೆವು. ಹಳೆಯ ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡ ದುರ್ಬಲವಾಗಿತ್ತು. ಮೂತ್ರ ಸರಾಗವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, 'ಮಫುವಾಂಗ್' ಹಣ್ಣಿನ ರಸವನ್ನು ದೊಡ್ಡ ಲೋಟದಲ್ಲಿ ಎರಡು ಸಲ ಕುಡಿದರು. ಮಫುವಾಂಗ್ ಎಂದರೆ ನಮ್ಮ ಕಮರಾಕ್ಷಿ, ದಕ್ಷಿಣ ಕನ್ನಡದವರ ಧಾರೆಹುಳಿ. ಸಂಜೆಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿಸಿದೆವು, ಸಕ್ಕರೆ ನೆಕ್ಕಿಸಿದೆವು, ನಿಲ್ಲಲಿಲ್ಲ. ರಾತ್ರಿಯ ಹೊತ್ತಿಗೆ ಮಾತು ತಡವರಿಸಿತು, ನಮ್ಮ ಗುರುತೇ ತಪ್ಪಿತು. ಆಸ್ಪತ್ರೆಗೆ ಒಯ್ದೆವು. ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಮಫುವಾಂಗ್ ತಿಂದರೇ?" ಎಂದು. ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿದರು. ದೇವರ ದಯೆ, ಉಳಿದರು. ಉಳಿಯದವರೂ ಇದ್ದಾರೆಂದು ಆ ವೈದ್ಯರೇ ಹೇಳಿದರು.

ಆ ಹಣ್ಣಿನಲ್ಲಿ ಮಿದುಳಿಗೆ ವಿಷವಾಗುವ ಒಂದು ಅಂಶವಿದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಗಟ್ಟಿಯಾದ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ದುರ್ಬಲವಾದದ್ದಕ್ಕೆ ಸಾಧ್ಯವಿಲ್ಲ. ಜತೆಗೆ ಆಕ್ಸಲೇಟೂ ಅದರಲ್ಲಿ ಬಹಳ. ಆದ್ದರಿಂದ ಮೂತ್ರಪಿಂಡದ ತೊಂದರೆ ಇರುವವರು ಕಮರಾಕ್ಷಿಯನ್ನು ಒಂದು ಹೋಳೂ ಬಾಯಿಗೆ ಹಾಕಬಾರದು. ಇಂಥವರಿಗೆ ಎಳನೀರು, ನೋನಿ ರಸ, ಟೊಮೇಟೊ ರಸಗಳಲ್ಲಿಯೂ ಅಪಾಯವಿದೆ. ಅವುಗಳ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲುದು.

ಎರಡನೆಯದು, ಸೋರೆಕಾಯಿ. ಅದರ ರಸ ಕುಡಿಯುವ ಹುಚ್ಚು ನಮ್ಮ ದೇಶದಲ್ಲಿಯೇ ಹೆಚ್ಚು. ಕಹಿ ಸೋರೆಯ ರಸ ಕುಡಿದು ನಮ್ಮಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಈ ವಿಷಯ ಪರಿಶೀಲಿಸಿ, ಕಹಿಯಾದ ಸೋರೆಯ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿದ್ದಾರೆ. ಕಹಿ ಇದ್ದಷ್ಟೂ ಔಷಧ ಎಂಬ ಮಾತು ಇಲ್ಲಿ ಪ್ರಾಣಕ್ಕೆ ಮುಳುವು. ಚೂರು ಕೊಯ್ದು ನಾಲಗೆಗೆ ಇಟ್ಟು ನೋಡಿ, ಕಹಿ ಕಂಡರೆ ಉಗುಳಿ ಎಸೆಯಿರಿ.

ಮೂರನೆಯದು, ಹಾಗಲಕಾಯಿ. ಥಾಯಿಯಲ್ಲಿ 'ಮರ'. ಹಾಗಲ ಹುಟ್ಟಾ ಕಹಿ, ಅದು ಸೋರೆಯ ಕಹಿಯಂತಲ್ಲ. ಆದರೆ ಅದು ರಕ್ತದ ಸಕ್ಕರೆಯನ್ನು ಇಳಿಸಬಲ್ಲುದು. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಮೇಲಿಂದ ಹಾಗಲದ ರಸವನ್ನೂ ಕುಡಿದರೆ, ಸಕ್ಕರೆ ಒಮ್ಮೆಗೇ ಕುಸಿದು ಕೆಲಸದ ನಡುವೆ ತಲೆ ತಿರುಗಿ ಬೀಳಬಹುದು. ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಿಂತವನಿಗೆ ಹಾಗಾದರೆ ಗತಿಯೇನು? ವೈದ್ಯರಿಗೆ ತಿಳಿಸದೆ ಕುಡಿಯಬೇಡಿ. ಗರ್ಭಿಣಿಯರಂತೂ ಈ ರಸವನ್ನು ಕುಡಿಯಲೇಬಾರದು. ಹೃದಯದ ಚಿಕಿತ್ಸೆಯಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಸಿರು ಸೊಪ್ಪಿನ ರಸಕ್ಕೂ ಇದೇ ಎಚ್ಚರ ವಹಿಸಬೇಕು.

ನಾಲ್ಕನೆಯದು, ಶುಚಿ. ನೀರಿನಲ್ಲಿ ಬೆಳೆಯುವ 'ಪಕ್ ಬುಂಗ್' ಮುಂತಾದ ಸೊಪ್ಪುಗಳನ್ನು ಹಸಿಯಾಗಿ ಅರೆದು ಕುಡಿಯಬಾರದು. ಕರುಳಿನ ಹುಳುವಿನ ಮರಿಗಳು ಅವಕ್ಕೆ ಅಂಟಿರುತ್ತವೆ, ಬೇಯಿಸಿದರೆ ಮಾತ್ರ ಸಾಯುತ್ತವೆ. ಔಷಧ ಸಿಂಪಡಿಸಿದ ತರಕಾರಿಯ ಭಯ ಅಲ್ಲಿಯೂ ಇದೆ. ಪ್ಯಾರಾಕ್ವಾಟ್, ಕ್ಲೋರ್‌ಪೈರಿಫಾಸ್ ಎಂಬ ಎರಡು ವಿಷಗಳನ್ನು 2020ರ ಜೂನ್ ಒಂದರಿಂದ ಆ ದೇಶ ನಿಷೇಧಿಸಿದೆ. ಮನೆಯಲ್ಲಿ ನಾವು ಮಾಡಬಹುದಾದದ್ದು, ಸ್ವಲ್ಪ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆಯುವುದು. ಪಾನೀಯಕ್ಕೆ ಕುದಿಸಿ ಆರಿಸಿದ ನೀರು ಬೇಕು. ಮೀನಿಗೆ ಹಾಕುವ ಐಸನ್ನು ಯಾವ ಕಾರಣಕ್ಕೂ ಲೋಟಕ್ಕೆ ಹಾಕಬಾರದು. ಮಿಕ್ಸರಿನ ಬ್ಲೇಡಿನ ಅಡಿಯಲ್ಲಿ ನಿನ್ನೆಯ ಕಸ ಉಳಿದಿದ್ದರೆ ಇಂದಿನ ಅಮೃತವೂ ಕೆಟ್ಟಿತು.

ಕೊನೆಯ ಮಾತು

ಕೆಲವರು ಮನಸ್ಸಿನಲ್ಲಿ ಎಣಿಸುತ್ತಿರಬಹುದು, "ಹನ್ನೆರಡು ಗಂಟೆ ದುಡಿದು ಬಂದವನಿಗೆ ಸೊಪ್ಪು ಅರೆಯಲು ಪುರುಸೊತ್ತೆಲ್ಲಿ?" ಎಂದು. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನದು ಎರಡು ಉತ್ತರ.

ಮೊದಲನೆಯದು, ಒಂದು ಖೋಲಿಯಲ್ಲಿ ಆರು ಮಂದಿ ಇರುವೆವು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ದಿನ ಮಾಡಿದರೆ ವಾರಕ್ಕೆ ಒಂದೇ ದಿನದ ಕೆಲಸ. ಆರು ಮಂದಿ ದಿನಕ್ಕೆ ಒಂದೊಂದು ಬಾಟಲಿಯ ಹಣ ಕೂಡಿಸಿದರೆ ತರಕಾರಿಯ ಖರ್ಚು ಕಳೆದು ಹಣ ಉಳಿಯುತ್ತದೆ. ಒಂದೆಲಗ ಮಾಟುಂಗಾ ಪೇಟೆಯಲ್ಲಿ ಸಿಗುತ್ತದೆ. ಕಿಟಕಿಯ ಮೇಲೆ ಒಡೆದ ಬಕೀಟಿನಲ್ಲಿ ನೆಟ್ಟರೂ ಹಬ್ಬುತ್ತದೆ.

ಎರಡನೆಯದು, ಒಲೆಯ ಮುಂದೆ ದುಡಿಯುವವನಿಗೆ ಗಂಟೆಗೊಮ್ಮೆ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಬಿಡುವು ಬೇಕು. ಇದು ಧಣಿಗಳ ಕೃಪೆಯಲ್ಲ, ಮನುಷ್ಯನ ಅಗತ್ಯ. ಎಷ್ಟು ಒಳ್ಳೆಯ ಪಾನೀಯ ಕುಡಿದರೂ ಈ ಬಿಡುವು ಇಲ್ಲದಿದ್ದರೆ ಮೂತ್ರಪಿಂಡ ಉಳಿಯದು. ಪ್ರತಿ ಅಡಿಗೆಮನೆಯಲ್ಲಿ ಶುದ್ಧ ನೀರಿನ ಒಂದು ಹಂಡೆ, ಪ್ರತಿ ಗಂಟೆಗೆ ಐದು ನಿಮಿಷದ ಬಿಡುವು. ಈ ಎರಡನ್ನು ಸಂಘವು ಎಲ್ಲ ಹೋಟೆಲು ಮಾಲೀಕರ ಮುಂದೆ ಇಡಬೇಕೆಂದು ಈ ಸಭೆಯಲ್ಲಿ ಸೂಚಿಸುತ್ತೇನೆ. ಒಳ್ಳೆಯ ಮಾಲೀಕರು ಇದಕ್ಕೆ ಅಡ್ಡ ಬರಲಾರರು. ನಮ್ಮ ಆರೋಗ್ಯ ಅವರ ಹೋಟೆಲಿನ ಬಂಡವಾಳವೂ ಹೌದು.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ನಮ್ಮ ಹಿತ್ತಲಿನಲ್ಲೇ ಇದ್ದ ಒಂದೆಲಗ, ಪುಂಡಿ, ಬಿಲ್ವಗಳ ಬೆಲೆ ನನಗೆ ತಿಳಿಯಬೇಕಾದರೆ ಸಮುದ್ರ ದಾಟಬೇಕಾಯಿತು. ತಾವು ದಾಟಬೇಕಿಲ್ಲ, ಪೇಟೆಗೆ ಹೋದರೆ ಸಾಕು. ಬರುವ ಸಭೆಗೆ ಸೌತೆ ನಿಂಬೆಯ ಪಾನೀಯವನ್ನು ಎಲ್ಲರಿಗೂ ನಾನೇ ಮಾಡಿ ತರುತ್ತೇನೆ. ಅಂದು ಚಹಾದ ಖರ್ಚನ್ನು ಕಾರ್ಯದರ್ಶಿಗಳು ಉಳಿಸಿಕೊಳ್ಳಲಿ.